ಏರ್ ಶಾಕ್ ಹಾಕಿಸ್ಲಾ, ಕಾಯಿಲ್ ಹಾಕಿಸ್ಲಾ?

ಫುಲ್ ಸಸ್ಪೆನ್ಷನ್ (ಮುಂದೆ, ಹಿಂದೆ ಎರಡೂ ಕಡೆ ಏಟು ತಡೆಯುವ ವ್ಯವಸ್ಥೆ ಇರುವ) ಮೌಂಟನ್ ಬೈಕ್ ಇರುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಹಿಂದಿನ ಚಕ್ರದ ಏಟು ನುಂಗುವ ಶಾಕ್ ಬದಲಾಯಿಸಬೇಕು, ಗಾಳಿ ತುಂಬುವ ಏರ್ ತಗೊಳ್ಳಲಾ, ಲೋಹದ ಸ್ಪ್ರಿಂಗ್ ಇರುವ ಕಾಯಿಲ್ ತಗೊಳ್ಳಲಾ ಅಂತ. ನಾನು ತಿರುಗಿ ಕೇಳ್ತೀನಿ: ಈಗಿರುವ ಶಾಕಿನ ಅಳತೆ ಎಷ್ಟು? ಅರ್ಧ ಜನ ಅಲ್ಲೇ ಸುಮ್ಮನಾಗ್ತಾರೆ.

ಅಳತೆಯಲ್ಲಿ ಎರಡು ಅಂಕಿ ಇರುತ್ತವೆ, 210x55 ಅನ್ನೋ ಥರ. ಮೊದಲನೆಯದು ಒಂದು ಬೋಲ್ಟಿನ ನಡುವಿನಿಂದ ಇನ್ನೊಂದು ಬೋಲ್ಟಿನ ನಡುವಿಗೆ ಎಷ್ಟು ಮಿಲಿಮೀಟರ್ ಅನ್ನೋದು. ಎರಡನೆಯದು ಸ್ಟ್ರೋಕ್, ಅಂದರೆ ಶಾಕ್ ಎಷ್ಟು ಒಳಗೆ ಹೋಗುತ್ತದೆ ಅನ್ನೋದು. ನಾನು ಒಮ್ಮೆ 210x50 ಇದ್ದ ಫ್ರೇಮಿಗೆ 210x55 ತಂದು ಹಾಕಿದೆ. ಬೋಲ್ಟ್ ಸಲೀಸಾಗಿ ಕೂತವು, ಖುಷಿಯಾಯ್ತು. ಮೊದಲ ದೊಡ್ಡ ಜಿಗಿತದಲ್ಲೇ ಟೈರು ಸೀಟ್ ಟ್ಯೂಬಿಗೆ ಉಜ್ಜಿ ಬಣ್ಣ ಕಿತ್ತುಬಂತು. ಶಾಕಿನ 5 ಮಿಲಿಮೀಟರ್ ಆ ಫ್ರೇಮಿನಲ್ಲಿ ಚಕ್ರದ ಹತ್ತಿರ 13 ಆಗುತ್ತಿತ್ತು! ಈಗ ಹೊಸ ಶಾಕ್ ಹಾಕಿದ ಕೂಡಲೇ ಗಾಳಿ ಪೂರ್ತಿ ಬಿಟ್ಟು, ಚಕ್ರವನ್ನು ಕೊನೆವರೆಗೂ ಒತ್ತಿ ನೋಡ್ತೀನಿ.

ಇನ್ನು ಏರ್, ಕಾಯಿಲ್ ವಿಚಾರ. ನನ್ನ ಕೇಳಿದರೆ ಹೆಚ್ಚಿನವರಿಗೆ ಏರ್ ಸಾಕು. ಹಗುರ, ಪಂಪ್ ಇದ್ದರೆ ಯಾರ ತೂಕಕ್ಕೂ ಹೊಂದಿಸಬಹುದು. ಒತ್ತಿದಷ್ಟೂ ಗಾಳಿ ತಾನೇ ಗಟ್ಟಿಯಾಗುತ್ತಾ ಹೋಗುತ್ತದೆ, ಹಾಗಾಗಿ ದೊಡ್ಡ ಏಟಿಗೆ ಬೇಗ ತಳ ಮುಟ್ಟೋದಿಲ್ಲ. ಕಾಯಿಲ್ ಭಾರ, ಆದರೆ ಸಣ್ಣ ಸಣ್ಣ ಕಲ್ಲಿನ ಮೇಲೆ ಮೆತ್ತಗೆ ಹೋಗುತ್ತದೆ. ಉದ್ದ ಇಳಿಜಾರಿನಲ್ಲಿ ಬಿಸಿಯಾದರೂ ಸ್ಪ್ರಿಂಗಿನ ಗುಣ ಅಷ್ಟಾಗಿ ಬದಲಾಗಲ್ಲ. ಅದು ಕೊನೆಯಲ್ಲಿ ತಾನಾಗಿ ಗಟ್ಟಿಯಾಗೋದಿಲ್ಲವಲ್ಲ, ಆ ಕೆಲಸ ಫ್ರೇಮಿನ ಲಿಂಕೇಜ್, ಅಂದರೆ ಹಿಂದಿನ ಚಕ್ರವನ್ನು ಶಾಕಿಗೆ ಜೋಡಿಸುವ ತೋಳುಗಳು, ಮಾಡಬೇಕು. ಮಾಡದಿದ್ದರೆ ಪ್ರತಿ ಜಿಗಿತಕ್ಕೂ ಧಡ್ ಅಂತ ತಳ ಬಡಿಯುತ್ತದೆ. ಮತ್ತೆ, ನಿಮ್ಮ ತೂಕಕ್ಕೆ ತಕ್ಕ ಸ್ಪ್ರಿಂಗೇ ಬೇಕು. ಮೆತ್ತಗಿರೋದನ್ನು ಹಾಕಿ ಸ್ಪ್ರಿಂಗ್ ಒತ್ತಿ ಹಿಡಿಯುವ ಬಳೆ, ಅಂದರೆ ಕಾಲರ್, ತಿರುಗಿಸಿ ಬಿಗಿ ಮಾಡಿದರೆ ಅದು ಗಟ್ಟಿ ಸ್ಪ್ರಿಂಗ್ ಆಗಿಬಿಡಲ್ಲ.

ಆದರೆ ದುಡ್ಡು ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಈಗಿರುವ ಏರ್ ಶಾಕಿನ ಸ್ಯಾಗ್ ನೋಡಿ, ಅಂದರೆ ನೀವು ಸುಮ್ಮನೆ ಕೂತಾಗ ಅದು ಎಷ್ಟು ಕುಸಿಯುತ್ತದೆ ಅನ್ನೋದನ್ನು. ಹೆಲ್ಮೆಟ್ಟು, ಬ್ಯಾಗು, ನೀರು ಎಲ್ಲಾ ಹೊತ್ತು, ಗೋಡೆ ಹಿಡಿದು ಬೈಕ್ ಹತ್ತಿ. ಶಾಕಿನ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿಗೆ ತಾಗುವ ಹಾಗೆ ತಳ್ಳಿ. ಕುಣಿಯದೆ ಕೂತು, ಮೆಲ್ಲಗೆ ಇಳಿಯಿರಿ. 55 ಸ್ಟ್ರೋಕಿನ ಶಾಕಿನಲ್ಲಿ ಉಂಗುರ 14ರಿಂದ 16 ಮಿಲಿಮೀಟರ್ ಸರಿದಿರಬೇಕು, ಅಂದರೆ ಶೇಕಡಾ 25ರಿಂದ 30. ಅದು 22ಕ್ಕೆ ಹೋಗಿದ್ದರೆ ನಿಮಗೆ ಬೇಕಾಗಿರೋದು ಹೊಸ ಶಾಕ್ ಅಲ್ಲ, ಗಾಳಿ. ಶಾಕಿನ ಸಣ್ಣ ಪಂಪಿನಲ್ಲೇ ಹಾಕಿ. ಹಾಕಿದ ಮೇಲೆ ಹತ್ತು ಸಲ ನಿಧಾನವಾಗಿ ಒತ್ತಿ, ಮತ್ತೆ ಒತ್ತಡ ನೋಡಿ. ಒಳಗಿನ ಇನ್ನೊಂದು ಕೋಣೆಗೂ ಗಾಳಿ ಹೋಗುವುದರಿಂದ ಸ್ವಲ್ಪ ಇಳಿದಿರುತ್ತದೆ, ಅಷ್ಟನ್ನು ತುಂಬಿ.

ಗಾಳಿ ಸರಿಯಿದ್ದೂ ಒತ್ತಿದಾಗ ಪಚಪಚ ಅಂತ ಸದ್ದು ಬಂದರೆ, ಇಲ್ಲ ಸೀಲಿನ ಸುತ್ತ ಎಣ್ಣೆ ಜಿನುಗಿದ್ದರೆ, ಅದು ಸರ್ವೀಸಿಗೆ ಕರೆಯುತ್ತಿದೆ. ಸರ್ವೀಸ್ ಆದ ಮೇಲೂ ಮನಸ್ಸಿಗೆ ಬರದಿದ್ದರೆ ಹೊಸದು ತಗೊಳ್ಳಿ.

ಹಾಂ, ಹಳೇದನ್ನು ಬಿಚ್ಚಿದಾಗ ಬುಷ್ (ಶಾಕಿನ ತುದಿಯಲ್ಲಿ ಬೋಲ್ಟ್ ತೂರುವ ಸಣ್ಣ ಕೊಳವೆ) ಬಿಸಾಡಬೇಡಿ ಮಾರಾಯ್ರೆ. ಅದರ ಅಗಲ, ಬೋಲ್ಟಿನ ದಪ್ಪ ಎರಡನ್ನೂ ಅಳೆದು ಬರೆದಿಟ್ಟುಕೊಳ್ಳಿ. ಹೊಸ ಶಾಕಿನ ಜೊತೆ ಎಷ್ಟೋ ಸಲ ಅವು ಬರೋದೇ ಇಲ್ಲ.