ರಿಪೋರ್ಟ್ ನಾರ್ಮಲ್, ಕಿವಿ ಮಾತ್ರ ಗುಂಯ್

ಕಿವಿಯಲ್ಲಿ ಸದ್ದು ಬರುತ್ತಿದೆ ಅಂತ ತೋರಿಸಿಕೊಳ್ಳಲು ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಒಂದು ಗ್ರಾಫು, ಅದರ ಕೆಳಗೆ ‘ನಾರ್ಮಲ್’ ಅಂತ ಒಂದು ಷರಾ. ನನಗೂ ಅದೇ ಸಿಕ್ಕಿತ್ತು. ಎರಡೂ ಕಿವಿಯಲ್ಲಿ ಹಗಲೂ ರಾತ್ರಿ ಕೀ ಅಂತ ಒಂದೇ ಸಮ ಕೂಗು, ಫ್ಯಾನ್ ಹಾಕದೆ ನಿದ್ದೆ ಇಲ್ಲ, ಇಷ್ಟಾದರೂ ಕಾಗದದ ಮೇಲೆ ಏನೂ ಇಲ್ಲ. "ಸುಮ್ನೆ ತಲೆಗೆ ಹಚ್ಕೋಬೇಡಿ ಸರ್, ಎಲ್ಲಾ ಸರಿ ಇದೆ" ಅಂದರು. ಇಂಥ ಕಾಗದ ಹಿಡಿದು ಮನೆಗೆ ಬಂದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಪರೀಕ್ಷೆ ಸುಳ್ಳು ಹೇಳಿಲ್ಲ, ಆದರೆ ನಿಮ್ಮ ಕಿವಿಯೊಳಗಿನ ಸದ್ದನ್ನು ಅದು ಅಳೆದೇ ಇಲ್ಲ.

ಆ ಗ್ರಾಫಿಗೆ ಆಡಿಯೋಗ್ರಾಂ ಅನ್ನುತ್ತಾರೆ. ಮಾಮೂಲಿ ಆಡಿಯೋಗ್ರಾಂನಲ್ಲಿ 250 ಹರ್ಟ್ಜ್‌ನ ದಪ್ಪ ಸ್ವರದಿಂದ 8000 ಹರ್ಟ್ಜ್‌ನ ಕೀರಲು ಸ್ವರದವರೆಗೆ ಒಂದೊಂದೇ ಸ್ವರ ಕೇಳಿಸಿ, ಎಷ್ಟು ಸಣ್ಣ ಸದ್ದು ನಿಮಗೆ ಕೇಳುತ್ತದೆ ಅಂತ ನೋಡುತ್ತಾರೆ. ನಾರ್ಮಲ್ ಹೌದೋ ಅಲ್ಲವೋ ಅನ್ನುವುದನ್ನು ಹೆಚ್ಚಾಗಿ 500, 1000, 2000 ಹರ್ಟ್ಜ್‌ಗಳ ಸರಾಸರಿ ತೆಗೆದು ಹೇಳುತ್ತಾರೆ, ಕೆಲವರು 4000 ಕೂಡ ಸೇರಿಸುತ್ತಾರೆ. ಜೋರು ಸದ್ದಿನಿಂದ ಕಿವಿ ಹಾಳಾಗುವುದು ಮೊದಲು 3000ದಿಂದ 6000ದ ಆಸುಪಾಸಿನಲ್ಲಿ. ಎಷ್ಟೋ ಕಡೆ 4000 ಆದ ಮೇಲೆ ಸೀದಾ 8000ಕ್ಕೆ ಹೋಗುತ್ತಾರೆ. ಮಧ್ಯದ 6000ದಲ್ಲಿ ಗುಂಡಿ ಬಿದ್ದಿದ್ದರೆ ಅದು ಗ್ರಾಫಿನಲ್ಲಿ ಕಾಣುವುದೇ ಇಲ್ಲ. ನನ್ನ ಗುಂಡಿ ಅಲ್ಲೇ ಇತ್ತು. ಬೇರೆ ಕಡೆ ತೋರಿಸಿದಾಗ ಆಡಿಯಾಲಜಿಸ್ಟ್ (ಕಿವಿ ಕೇಳುವುದನ್ನು ಪರೀಕ್ಷಿಸುವ ತಜ್ಞೆ) ಮೇಡಂ 3000, 6000 ಎರಡನ್ನೂ ಸೇರಿಸಿ ನೋಡಿದರು, 6000ದಲ್ಲಿ 35 ಡೆಸಿಬಲ್ ಬಂತು, ಅಂದರೆ ಅಷ್ಟು ಜೋರು ಮಾಡಿದ ಮೇಲೆಯೇ ನನಗೆ ಆ ಸ್ವರ ಕೇಳಲು ಶುರುವಾಗಿದ್ದು. ಪರೀಕ್ಷೆಗೆ ಕೂರುವ ಮೊದಲೇ "3000, 6000 ಕೂಡ ನೋಡ್ತೀರಾ?" ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಕಿವಿಯೊಳಗಿನ ಈ ಸದ್ದಿಗೆ ಟಿನಿಟಸ್ ಅನ್ನುತ್ತಾರೆ. ಅದನ್ನು ಅಳೆಯುವ ಕೆಲಸ ಶುರುವಾಗುವುದು ಇದಾದ ಮೇಲೆ. ನಿಮ್ಮ ಸದ್ದು ನಿಮಗಷ್ಟೇ ಕೇಳುವುದರಿಂದ ಅದನ್ನು ಹೊರಗಿನಿಂದ ಹಿಡಿಯುವ ಮೀಟರು ಇನ್ನೂ ಇಲ್ಲ. ಹಾಗಾಗಿ ಹೋಲಿಸಿ ನೋಡುತ್ತಾರೆ. ಮೇಡಂ ಹೆಡ್‌ಫೋನಿನಲ್ಲಿ ಎರಡು ಸ್ವರ ಒಂದಾದ ಮೇಲೊಂದು ಹಾಕಿ "ನಿಮ್ಮ ಸದ್ದಿಗೆ ಮೊದಲನೇದು ಹತ್ತಿರನಾ, ಎರಡನೇದಾ?" ಅಂತ ಕೇಳುತ್ತಾ ಹೋದರು. ನಾನು ಆರಿಸಿದ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ 6000ಕ್ಕೆ ಬಂದು ನಿಂತೆವು. ಅಲ್ಲಿಗೆ ಮುಗಿಯಲಿಲ್ಲ. 3000 ಹಾಕಿ ಮತ್ತೆ ಕೇಳಿದರು. ಒಂದು ಸ್ವರಕ್ಕೂ ಅದರ ಎರಡರಷ್ಟಿರುವ ಸ್ವರಕ್ಕೂ ಕಿವಿ ಸುಲಭವಾಗಿ ಮೋಸ ಹೋಗುತ್ತದಂತೆ, ಅದಕ್ಕೇ ಈ ಮರುಪರೀಕ್ಷೆ.

ಆಮೇಲೆ ಜೋರು ಎಷ್ಟು ಅನ್ನುವುದು. ಅದೇ 6000ದ ಸ್ವರವನ್ನು ಒಂದೊಂದೇ ಡೆಸಿಬಲ್ ಏರಿಸುತ್ತಾ ಬಂದರು, ನನ್ನ ಸದ್ದಿಗೆ ಸಮ ಅನ್ನಿಸಿದಾಗ ನಿಲ್ಲಿಸಿದೆ. 41. ಅಂದರೆ ನನಗೆ ಕೇಳಲು ಶುರುವಾಗುವ ಮಟ್ಟಕ್ಕಿಂತ ಬರೀ 6 ಡೆಸಿಬಲ್ ಮೇಲೆ. ನಿದ್ದೆ ಕೆಡಿಸಿದ ಸದ್ದು ಇಷ್ಟೇನಾ ಅಂತ ನಂಬಲಾಗಲಿಲ್ಲ. ಹೆಚ್ಚಿನವರಿಗೆ ಹೀಗೆ ಸಣ್ಣ ಅಂಕಿಯೇ ಬರುತ್ತದೆ, 1940ರ ದಶಕದಿಂದಲೂ ಕಿವಿ ವೈದ್ಯರು ಇದನ್ನು ಗಮನಿಸಿದ್ದಾರೆ. ಇದರಲ್ಲಿ ಒಂದು ಒಳಗುಟ್ಟಿದೆ. ಕಿವಿ ಮಂದವಾದ ಜಾಗದಲ್ಲಿ ಸದ್ದು ಕೇಳಲು ಶುರುವಾಗುವುದೇ ತಡ, ಶುರುವಾದ ಮೇಲೆ ಅದು ಬೇಗ ಬೇಗ ಜೋರಾಗುತ್ತದೆ. ಅಲ್ಲಿ 6 ಡೆಸಿಬಲ್ ಅಂದರೆ ಚೆನ್ನಾಗಿರುವ ಕಿವಿಯ 6 ಡೆಸಿಬಲ್ ಅಲ್ಲ. ಅದೇ ವ್ಯಕ್ತಿಗೆ ಕಿವಿ ಚೆನ್ನಾಗಿರುವ 1000 ಹರ್ಟ್ಜ್‌ನಲ್ಲಿ ಹೋಲಿಸಲು ಹೇಳಿದರೆ ಅಂಕಿ ಜಾಸ್ತಿ ಬರುತ್ತದೆ. ಹಾಗಾಗಿ ಯಾರಾದರೂ "ಬರೀ 6 ಡೆಸಿಬಲ್ಲಾ, ಇದಕ್ಕೆಲ್ಲಾ ಏನು" ಅಂದರೆ ದಯವಿಟ್ಟು ಕುಗ್ಗಬೇಡಿ.

ಇನ್ನೆರಡು ಅಳತೆಗಳಿವೆ. ಷ್ ಅನ್ನುವ ಸದ್ದನ್ನು ಮೆಲ್ಲಗೆ ಏರಿಸಿ, ಎಷ್ಟಾದಾಗ ನಿಮ್ಮ ಸದ್ದು ಅದರಡಿ ಮುಚ್ಚಿಹೋಗುತ್ತದೆ ಅಂತ ನೋಡುವುದು ಒಂದು. ಅದಕ್ಕಿಂತ ಸುಮಾರು 10 ಡೆಸಿಬಲ್ ಮೇಲೆ ಒಂದು ನಿಮಿಷ ಕೇಳಿಸಿ, ಟಕ್ ಅಂತ ನಿಲ್ಲಿಸಿ, ಏನಾಯಿತು ಅಂತ ಕೇಳುವುದು ಇನ್ನೊಂದು. ಎಷ್ಟೋ ಜನರಿಗೆ ಆಗ ಕೆಲವು ಸೆಕೆಂಡು, ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತು ಒಳಗಿನ ಸದ್ದು ಕಡಿಮೆಯಾಗುತ್ತದೆ ಅಥವಾ ಪೂರ್ತಿ ಹೋಗುತ್ತದೆ. ನನಗೆ ಹೋಯಿತು. ಆ ಸ್ವಲ್ಪ ಹೊತ್ತಿನಲ್ಲಿ ಬೂತಿನಲ್ಲಿ ನನ್ನ ಅಂಗಿ ಕುರ್ಚಿಗೆ ಉಜ್ಜಿದ್ದು ಕೇಳಿತು. ಕಣ್ಣಲ್ಲಿ ನೀರು ಬಂತು. ಮತ್ತೆ ಶುರುವಾಯಿತು ಅನ್ನಿ, ಆದರೂ ಇದು ಬದಲಾಗದ ಸದ್ದೇನಲ್ಲ ಅಂತ ನನ್ನ ಕಿವಿಯೇ ನನಗೆ ತೋರಿಸಿಕೊಟ್ಟಿತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ ಮಷೀನಿನದಲ್ಲ, ಕಾಗದದ್ದು. ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಅಂತ, 1996ರಲ್ಲಿ ಅಮೆರಿಕದಲ್ಲಿ ರೂಪಿಸಿದ 25 ಪ್ರಶ್ನೆಗಳು. ಹೌದು ಅಂದರೆ 4, ಕೆಲವೊಮ್ಮೆ ಅಂದರೆ 2, ಇಲ್ಲ ಅಂದರೆ 0, ಒಟ್ಟು 100. ಗಮನ ಕೊಡಲು ಕಷ್ಟವಾಗುತ್ತಾ, ರಾತ್ರಿ ನಿದ್ದೆ ಹತ್ತುತ್ತಾ, ದೊಡ್ಡ ಕಾಯಿಲೆ ಬಂದಿದೆ ಅನ್ನಿಸುತ್ತಾ, ಮನೆಯವರ ಜೊತೆ ಸಂಬಂಧ ಹದಗೆಟ್ಟಿದೆಯಾ, ಇಂಥವು. ನನಗೆ 52 ಬಂತು. 38ರಿಂದ 56ರವರೆಗೆ ಮಧ್ಯಮ ಅಂತ ಲೆಕ್ಕ. ಡೆಸಿಬಲ್ ಅಂಕಿಗೂ ಈ ಅಂಕಕ್ಕೂ ಹೆಚ್ಚು ನಂಟಿಲ್ಲ, ಒಂದೇ 6 ಡೆಸಿಬಲ್ ಇದ್ದವರಲ್ಲಿ ಒಬ್ಬರಿಗೆ 10, ಇನ್ನೊಬ್ಬರಿಗೆ 80 ಬರಬಹುದು. 1953ರಲ್ಲಿ ಅಮೆರಿಕದಲ್ಲಿ ಕಿವಿ ಚೆನ್ನಾಗಿದ್ದ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿದಾಗ 100ಕ್ಕೆ 90ಕ್ಕಿಂತ ಜಾಸ್ತಿ ಜನ ಏನೋ ಸದ್ದು ಕೇಳುತ್ತಿದೆ ಅಂದರು. ಸದ್ದು ಇರುವುದು ಬೇರೆ, ಅದು ಬದುಕನ್ನು ಹಿಡಿದುಕೊಳ್ಳುವುದು ಬೇರೆ ಅಲ್ವಾ. ಕೌನ್ಸೆಲಿಂಗ್ ಮತ್ತು ಮೆಲ್ಲನೆಯ ಸದ್ದಿನ ಅಭ್ಯಾಸ ಆದ ಮೇಲೆ ಮತ್ತೆ ಅಳೆದಾಗ ಡೆಸಿಬಲ್ ಅಷ್ಟೇ ಇತ್ತು, ಅಂಕ ಮಾತ್ರ 28ಕ್ಕೆ ಇಳಿದಿತ್ತು. 20 ಅಂಕ ಇಳಿದರೂ ಅದನ್ನು ನಿಜವಾದ ಬದಲಾವಣೆ ಅಂತ ಒಪ್ಪುತ್ತಾರೆ.

ನನ್ನ ಅಕ್ಕನ ಕಷ್ಟ ಬೇರೆ. ಅವಳಿಗೆ ಒಳಗೆ ಸದ್ದಿಲ್ಲ, ಹೊರಗಿನದ್ದೇ ತಡೆಯುವುದಿಲ್ಲ. ಕುಕ್ಕರ್ ಕೂಗುವ ಮೊದಲೇ ಅಡುಗೆಮನೆಯಿಂದ ಆಚೆ ಬರುತ್ತಾಳೆ, ಸ್ಟೀಲ್ ತಟ್ಟೆ ಸಿಂಕಿಗೆ ಬಿದ್ದರೆ ಕಿವಿಯಲ್ಲಿ ಚುಚ್ಚಿದ ನೋವು. ಇದಕ್ಕೆ ಹೈಪರಾಕ್ಯುಸಿಸ್ ಅನ್ನುತ್ತಾರೆ. ಒಂದು ಕಡೆ ಅವಳಿಗೆ ಏನೂ ಹೇಳದೆ ಮೊದಲು ರಿಫ್ಲೆಕ್ಸ್ ಪರೀಕ್ಷೆ ಮಾಡಿಬಿಟ್ಟರು. ಕಿವಿಯೊಳಗಿನ ಸಣ್ಣ ಸ್ನಾಯು ಜೋರು ಸದ್ದಿಗೆ ಬಿಗಿಯಾಗುತ್ತದಾ ಅಂತ ನೋಡುವ ಪರೀಕ್ಷೆ ಅದು, ಸ್ವರ 100 ಡೆಸಿಬಲ್ ತನಕ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಅವಳು ನಡುಗುತ್ತಾ ಎದ್ದು ಬಂದಳು. ಈ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ. ಸದ್ದು ತಡೆಯದವರು ಪರೀಕ್ಷೆಗೆ ಮೊದಲೇ ಅದನ್ನು ಹೇಳಿಬಿಡಬೇಕು, ಬೇಡ ಅನ್ನುವ ಹಕ್ಕು ನಿಮಗಿದೆ.

ಸರಿಯಾದ ಕ್ರಮದಲ್ಲಿ ಮಾಡಿದವರು ಹಿತವಾದ ಮಟ್ಟದಿಂದ ಶುರು ಮಾಡಿ 5 ಡೆಸಿಬಲ್‌ನಂತೆ ಏರಿಸಿದರು. "ಇದಕ್ಕಿಂತ ಜಾಸ್ತಿ ಬೇಡ ಅನ್ನಿಸಿದ ತಕ್ಷಣ ಕೈ ಎತ್ತಿಬಿಡಿ ಮೇಡಂ, ತಡ್ಕೊಳ್ಳೋಕೆ ಹೋಗಬೇಡಿ" ಅಂದರು. ಈ ಮಾತು ಬರೀ ಉಪಚಾರಕ್ಕಲ್ಲ. ‘ಬೇಡ ಅನ್ನಿಸಿದಾಗ’ ಅಂದರೆ ಒಂದು ಅಂಕಿ, ‘ತಡೆಯಲು ಆಗದಾಗ’ ಅಂದರೆ ಇನ್ನೊಂದು ಅಂಕಿ ಬರುತ್ತದೆ. ಸಾಮಾನ್ಯವಾಗಿ ಜನ 100ರ ಹತ್ತಿರ ಕೈ ಎತ್ತುತ್ತಾರೆ. ಅಕ್ಕ 70ಕ್ಕೇ ಎತ್ತಿದಳು. ಜೊತೆಗೆ ಹೈಪರಾಕ್ಯುಸಿಸ್‌ಗಾಗಿಯೇ 2002ರಲ್ಲಿ ಫ್ರಾನ್ಸ್‌ನಲ್ಲಿ ಮಾಡಿದ 14 ಪ್ರಶ್ನೆಗಳ ಪಟ್ಟಿಯನ್ನೂ ತುಂಬಿಸಿಕೊಂಡರು. ಅಗಿಯುವ, ಸೊರ್ ಅನ್ನುವಂಥ ಕೆಲವೇ ಸದ್ದುಗಳಿಗೆ ಸಿಟ್ಟು ಬರುವವರದ್ದು ಮಿಸೊಫೋನಿಯಾ, ಅವರಿಗೆ ಈ ಡೆಸಿಬಲ್ ಪರೀಕ್ಷೆ ಪೂರ್ತಿ ಸರಿಯಾಗಿಯೇ ಬರಬಹುದು.

ಅಕ್ಕ ಇಡೀ ದಿನ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದಳು. ಅದನ್ನು ಬಿಡಿಸಿದರು. 2003ರ ಒಂದು ಅಧ್ಯಯನದಲ್ಲಿ ಕಿವಿ ಚೆನ್ನಾಗಿದ್ದವರು ಎರಡು ವಾರ ಇಯರ್‌ಪ್ಲಗ್ ಹಾಕಿಕೊಂಡಿದ್ದಾಗ ಅವರಿಗೆ ಸದ್ದುಗಳು ಮೊದಲಿಗಿಂತ ಜೋರು ಅನ್ನಿಸತೊಡಗಿದವು, ಸಣ್ಣ ಸದ್ದು ಕೇಳಿಸಿಕೊಳ್ಳುತ್ತಿದ್ದವರಿಗೆ ಇದರ ಉಲ್ಟಾ ಆಯಿತು. ಡ್ರಿಲ್ಲಿಂಗ್, ಪಟಾಕಿ ಇದ್ದಾಗ ಕಿವಿ ಮುಚ್ಚಲೇಬೇಕು, ಸುಮ್ಮನಿದ್ದ ಮನೆಯಲ್ಲಿ ಬೇಡ.

ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಕೊಟ್ಟರೆ ಕನ್ನಡದ್ದು ಕೇಳಿ, 25 ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಸದ್ದು ಒಂದೇ ಕಿವಿಯಲ್ಲಿದ್ದರೆ ಕೇಳುವ ನರದ ಮೇಲೆ ಗಂಟು ಇದೆಯಾ ಅಂತ ನೋಡಲು ಎಂಆರ್‌ಐ ಬೇಕಾಗಬಹುದು. ನಾಡಿ ಬಡಿತಕ್ಕೆ ತಕ್ಕಂತೆ ದಬ್ ದಬ್ ಅಂದರೆ ಕುತ್ತಿಗೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ರಕ್ತನಾಳ ನೋಡುತ್ತಾರೆ, ಅದು ಒಮ್ಮೊಮ್ಮೆ ಡಾಕ್ಟರಿಗೂ ಕೇಳುತ್ತದೆ. ಸದ್ದಿನ ಜೊತೆಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.