ದೇವರ ಟೈಲ್ಸ್ ತೆಗೆದು ಹಸೆ ಬರೆದೆವು

ಮಲ್ಲೇಶ್ವರದ ನಮ್ಮ ಬಾಡಿಗೆ ಮನೆಗೂ ಬಸ್ ಸ್ಟಾಪಿಗೂ ನಡುವೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ. ಅದರ ಪಕ್ಕದ ಫುಟ್‌ಪಾತ್ ಮೇಲೆ ನಾನು ಆರು ವರ್ಷ ಕಾಲಿಟ್ಟಿರಲಿಲ್ಲ. ಮೋರಿ ಮೇಲಿನ ಚಪ್ಪಡಿಗಳಲ್ಲಿ ಎರಡು ಅಲುಗಾಡುತ್ತಿದ್ದವು, ಒಂದು ಇರಲೇ ಇಲ್ಲ. ಉಚ್ಚೆ ವಾಸನೆ ಬೇರೆ. ಯಾರೋ ಪುಣ್ಯಾತ್ಮರು ಗೋಡೆಗೆ ದೇವರ ಟೈಲ್ಸ್ ಅಂಟಿಸಿದ್ದರು. ವೆಂಕಟರಮಣನನ್ನು ವಾಚ್‌ಮನ್ ಕೆಲಸಕ್ಕೆ ಹಾಕುವ ಈ ಉಪಾಯ ನನಗೆ ಯಾವತ್ತೂ ಹಿಡಿಸಿಲ್ಲ. ಬರುವವರು ಟೈಲ್ಸ್ ಬಿಟ್ಟು ನಾಲ್ಕಡಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು, ಅಷ್ಟೇ.

ಬೆಂಗಳೂರಿನಲ್ಲಿ 2010ರಿಂದ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪು, ಯಾರೂ ಹೆಸರು ಹೇಳಿಕೊಳ್ಳದೆ, ಇಂಥ ಜಾಗಗಳನ್ನು ಸರಿಮಾಡುತ್ತ ಬಂದಿದೆ. ‘ಕಾಮ್ ಚಾಲೂ, ಮೂಹ್ ಬಂದ್’, ಅಂದರೆ ಕೆಲಸ ಶುರು, ಬಾಯಿ ಬಂದ್, ಅನ್ನುವುದು ಅವರ ಮಾತು. ಮೊದಲು ಗುಡಿಸು, ಚಪ್ಪಡಿ ಕೂರಿಸು, ಆಮೇಲೆ ಬಣ್ಣ. ನಮ್ಮ ಬೀದಿಯ ಏಳು ಜನ ಆ ದಾರಿಯನ್ನೇ ಕದ್ದು, ಗೋಡೆಯ ಮಾಲೀಕರನ್ನು ಒಪ್ಪಿಸಿದೆವು. ಟೈಲ್ಸ್ ಒಡೆಯದಂತೆ ಎಬ್ಬಿಸಲು ಒಂದಿಡೀ ಬೆಳಗ್ಗೆ ಹಿಡಿಯಿತು.

ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿದಾಗ ನನಗೆ ನೆನಪಾದದ್ದು ಮಲೆನಾಡಿನ ಸಾಗರದ ಕಡೆ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ, ಕೆಂಪು ಗೋಡೆಯ ಮೇಲೆ ಬಿಳಿ ಎಳೆಗಳಲ್ಲಿ ಬರೆಯುವ ಚಿತ್ರ. ನನ್ನೂರು ಆ ಕಡೆಯದೇ. ಅಲ್ಲಿ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅಮ್ಮನಿಗೆ ಫೋನ್ ಮಾಡಿದೆ. “ಅದು ಮದುವೆ ಮನೆ ಒಳಗೋಡೆಗೆ ಕಣೇ, ಬೀದೀಲಿ ಒಂದು ಮಳೆಗೆ ಹೋಗುತ್ತೆ” ಅಂದರು. ಎಕ್ಸ್‌ಟೀರಿಯರ್ ಪೇಂಟ್ ತಂದೆವು. ಊರಿಂದ ತರಿಸಿದ ನಾರಿನ ಕುಂಚ ಅದರಲ್ಲಿ ಅದ್ದಿದ ಅರ್ಧ ಗಂಟೆಗೆ ಕಡ್ಡಿಯಂತಾಯಿತು. ಬ್ರಷ್ಷಿನಲ್ಲೇ ಬರೆದೆವು. ನಾನೆಳೆದ ಎಳೆ ಎರಡು ಕಡೆ ಅರ್ಧ ಇಂಚು ಜಾರಿದೆ. ಅಮ್ಮನಿಗೆ ಆ ಫೋಟೊ ಕಳಿಸಿಲ್ಲ.

ನಿಜವಾದ ತಲೆನೋವು ಬೆಳಕಿನದು. ಬೀದಿದೀಪ ಇತ್ತು, ಉರಿಯುತ್ತಲೂ ಇತ್ತು. ಆದರೆ ಕಂಬ ಎತ್ತರ, ಮಳೆಮರದ ಕೊಂಬೆ ಅದಕ್ಕಿಂತ ಕೆಳಗೆ. ರಾತ್ರಿಯಿಡೀ ಎಲೆಗಳ ನೆತ್ತಿಗೇ ಬೆಳಕು. ಕೊಂಬೆಯ ಕೆಳಗೆ, ಒಂಬತ್ತಡಿ ಎತ್ತರದಲ್ಲಿ, ಗೋಡೆಗೆ ಮುಖಮಾಡಿ ನಾಲ್ಕು ಹಳದಿ ಎಲ್‌ಇಡಿ ಹಾಕಿಸಿದೆವು. ಮೊದಲ ರಾತ್ರಿ ನೋಡಿದರೆ ಪೂರಾ ಮಂಕು! ಕೆಂಪು ಗೋಡೆ ಬೆಳಕನ್ನೆಲ್ಲ ನುಂಗಿ ಕೂತಿತ್ತು. ಮರುವಾರ ಹಸೆಯ ಮೇಲ್ಭಾಗಕ್ಕೆ ಎರಡಡಿ ಅಗಲದ ಬಿಳಿ ಪಟ್ಟಿ ಬಳಿದೆವು. ಈಗ ಬೆಳಕು ಗೋಡೆಯಿಂದ ಪುಟಿದು ಫುಟ್‌ಪಾತಿಗೆ ಬೀಳುತ್ತದೆ. ಕಣ್ಣಿಗೆ ಚುಚ್ಚುವುದಿಲ್ಲ, ಎದುರಿಗೆ ಬರುವವರ ಮುಖ ಕಾಣುತ್ತದೆ. ಎಂಟೂವರೆಗೆ ಒಬ್ಬಳೇ ಬಸ್ಸಿಳಿಯುವವಳಿಗೆ ಚಿತ್ತಾರಕ್ಕಿಂತ ಬೇಕಾದ್ದು ಅದು.

ಕೊನೆಯ ಮೂಲೆಯಲ್ಲಿ ವಾಸನೆ ಇನ್ನೂ ಇದೆ. ಯಾರೋ ಒಬ್ಬರು ಪಟ್ಟು ಬಿಟ್ಟಿಲ್ಲ.

ಮೊನ್ನೆ ಸೊಪ್ಪು ಮಾರುವಾಕೆ ಮೂರನೇ ದೀಪದಡಿ ಬುಟ್ಟಿಯಿಟ್ಟುಕೊಂಡು ಚಿಲ್ಲರೆ ಎಣಿಸುತ್ತಿದ್ದಳು. ನನ್ನನ್ನು ಕಂಡು ದೀಪದತ್ತ ಕೈ ತೋರಿಸಿ, “ಇದನ್ನ ಒಂಚೂರು ಈ ಕಡೆ ತಿರುಗಿಸಮ್ಮ, ಮೆಂತ್ಯ ಯಾವುದು ಸಬ್ಬಸಿಗೆ ಯಾವುದು ಗೊತ್ತಾಗಲ್ಲ” ಅಂದಳು. ಭಾನುವಾರ ಏಣಿ ತರಬೇಕು.