ನಾಲ್ಕೂ ಮೂಲೆ ಕೂತಿದ್ದರೂ ಸೋರುವುದು ಹೆಚ್ಚಾಗಿ ಒಂದೇ

ಏರ್ ಸಸ್ಪೆನ್ಷನ್ ಗಾಡಿ, ಅಂದರೆ ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬ್ಯಾಗುಗಳ ಮೇಲೆ ನಿಲ್ಲುವ ಗಾಡಿ, ರಾತ್ರಿ ಸರಿಯಾಗಿ ನಿಂತಿದ್ದು ಬೆಳಿಗ್ಗೆ ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಕೂತಿದ್ದರೆ ಎಲ್ಲರೂ ಮೊದಲು ಗುಳ್ಳೆ ಏಳುವ ಜಾಗ ಹುಡುಕಲು ಸೋಪು ನೀರು ಹಿಡಿದು ಕೆಳಗೆ ನುಗ್ಗುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ಸೋಪು ನೀರು ಹೊರಗೆ ಬರುವುದು ಮರುದಿನ. ಮೊದಲ ದಿನ ನಾವು ಮಾಡುವುದು ಇಷ್ಟೇ: ಅಳತೆ ಬರೆದುಕೊಳ್ಳುವುದು, ಸಸ್ಪೆನ್ಷನ್ ಕಂಪ್ಯೂಟರಿನ ಫ್ಯೂಸ್ ಕೀಳುವುದು, ಮನೆಗೆ ಹೋಗುವುದು.

ಗೋಣಿಕೊಪ್ಪ ಕಡೆ ಗ್ಯಾರೇಜು ಇಟ್ಟವನಿಗೆ ಹೊಟ್ಟೆಪಾಡು ಜೀಪು, ಪಿಕಪ್ಪು, ಟ್ರ್ಯಾಕ್ಟರು. ಅವುಗಳ ಸ್ಪ್ರಿಂಗಿನ ಪ್ಲೇಟು ಮುರಿದರೆ ಕಣ್ಣಿಗೆ ಕಾಣುತ್ತದೆ, ಬದಲಿಸಿದರೆ ಮುಗಿಯಿತು. ಆದರೆ ತೋಟದ ಸಾವ್ಕಾರ್ರು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತರುವ ದೊಡ್ಡ ಗಾಡಿಗಳು ಈಗೀಗ ಜಾಸ್ತಿಯಾಗಿವೆ. ಹೊಸದರಲ್ಲಿ ಅವುಗಳ ಬೆಲೆಗೆ ಒಂದು ಸಣ್ಣ ತೋಟವೇ ಬರುತ್ತಿತ್ತು. ವಯಸ್ಸಾದ ಮೇಲೆ ಬೆಲೆ ಇಳಿಯುತ್ತದೆ, ರಿಪೇರಿಯ ಖರ್ಚು ಇಳಿಯುವುದಿಲ್ಲ. ಅಂಥದ್ದರಲ್ಲೊಂದು, ಲ್ಯಾಂಡ್ ರೋವರ್ ಡಿಸ್ಕವರಿ 4, ಆಗಸ್ಟ್ ಮಳೆಯಲ್ಲಿ ಶ್ರೀಮಂಗಲದ ಕಡೆಯ ಒಂದು ತೋಟದಿಂದ ಬಂತು. ಪಟ್ಟಣದ ಒಂದು ವರ್ಕ್‌ಶಾಪಿನವರು ಗಾಳಿ ತುಂಬುವ ಕಂಪ್ರೆಸರ್ ಮತ್ತು ನಾಲ್ಕೂ ಏರ್ ಸ್ಪ್ರಿಂಗ್ (ಆ ರಬ್ಬರ್ ಬ್ಯಾಗುಗಳು) ಹೊಸದು ಹಾಕಬೇಕೆಂದು ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಸಾವ್ಕಾರ್ರ ವಾದವೂ ಅದೇ: "ನಾಲ್ಕೂ ಕಡೆ ಒಂದೇ ಸಮ ಕೂತಿದೆಯಲ್ಲಪ್ಪಾ, ನಾಲ್ಕೂ ಹೋಗಿರಲೇಬೇಕಲ್ಲ?"

ನನಗೆ ಅನುಮಾನ ಬಂದದ್ದು ಆ "ಒಂದೇ ಸಮ"ದ ಮೇಲೆಯೇ. ನಾಲ್ಕು ರಬ್ಬರ್ ಬ್ಯಾಗುಗಳು ಒಂದೇ ರಾತ್ರಿ ಒಂದೇ ಅಳತೆಗೆ ಸೋರುವುದಿಲ್ಲ. ಹಾಗೆ ಕಂಡರೆ ಯಾರೋ ಇಳಿಸಿದ್ದಾರೆ ಎಂದೇ ಅರ್ಥ. ಇಳಿಸುವುದು ಗಾಡಿಯ ಕಂಪ್ಯೂಟರೇ. ಕೀ ತೆಗೆದ ಮೇಲೂ ಅದು ಪೂರ್ತಿ ಮಲಗುವುದಿಲ್ಲ. ಆಗಾಗ ಎದ್ದು ನಾಲ್ಕು ಮೂಲೆಯ ಎತ್ತರ ಓದುತ್ತದೆ. ಒಂದು ಮೂಲೆ ತಗ್ಗಿದ್ದರೆ, ಇಂಜಿನ್ ನಿಂತಿರುವಾಗ ಅದನ್ನು ಏರಿಸುವ ಗೋಜಿಗೆ ಹೋಗದೆ, ಉಳಿದ ಮೂರರ ಗಾಳಿ ಬಿಟ್ಟು ಗಾಡಿಯನ್ನು ಸಮ ಮಾಡುತ್ತದೆ. ಸೋರುವ ಮೂಲೆ ಇನ್ನಷ್ಟು ಇಳಿಯುತ್ತದೆ, ಮತ್ತೆ ಎದ್ದಾಗ ಮೂರೂ ಅದರ ಜೊತೆ ಇಳಿಯುತ್ತವೆ. ಬೆಳಗಾಗುವಾಗ ಕಳ್ಳ ಯಾರು, ಸಾಚಾ ಯಾರು ಎಂದು ಗುರುತು ಸಿಗದ ಹಾಗೆ ನಾಲ್ಕೂ ಕೂತಿರುತ್ತವೆ. ಸ್ಕ್ಯಾನರ್ ಹಾಕಿದರೂ ಇಂಥ ನಿಧಾನದ ಸೋರಿಕೆಗೆ ದೋಷದ ಕೋಡ್ ಬರುವುದು ಅಪರೂಪ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿದೆ.

ಅದಕ್ಕೇ ಫ್ಯೂಸ್. ಇಂಜಿನ್ ಓಡಿಸಿ ಗಾಡಿಯನ್ನು ಮಾಮೂಲಿ ಎತ್ತರಕ್ಕೆ ತಂದು, ಆಫ್ ಮಾಡಿ, ಸಸ್ಪೆನ್ಷನ್ ಕಂಪ್ಯೂಟರಿನ ಫ್ಯೂಸ್ ತೆಗೆದರೆ ಬ್ಯಾಗುಗಳಿಗೆ ಗಾಳಿ ಬಿಡುವ ವಾಲ್ವುಗಳೆಲ್ಲ ಮುಚ್ಚಿಕೊಂಡೇ ಇರುತ್ತವೆ. ಆಗ ಪ್ರತಿ ಮೂಲೆಯೂ ತನ್ನ ಪಾಡಿಗೆ ತಾನು. ಯಾವುದು ಸೋರುತ್ತದೋ ಅದು ಮಾತ್ರ ಇಳಿಯುತ್ತದೆ.

ಅಳೆಯಲು ಸಮತಟ್ಟು ಜಾಗ ಬೇಕು. ಕೊಡಗಿನಲ್ಲಿ ಇದೇ ದೊಡ್ಡ ಕಷ್ಟ. ನನ್ನ ಗ್ಯಾರೇಜಿನ ನೆಲ ಮಳೆ ನೀರು ಹೋಗಲೆಂದು ರಸ್ತೆಯ ಕಡೆಗೆ ಇಳಿಜಾರು. ಇಳಿಜಾರಿನಲ್ಲಿ ಭಾರ ಒಂದು ಕಡೆಗೆ ಬಿದ್ದು ಅಳತೆ ಸುಳ್ಳು ಹೇಳುತ್ತದೆ. ಹಾಗಾಗಿ ಗಾಡಿಯನ್ನು ವಾಪಸ್ ಅವರ ತೋಟಕ್ಕೇ ಕಳಿಸಿ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿದೆವು. ಮಳೆಗಾಲದಲ್ಲಿ ಕಣ ಖಾಲಿ, ಪಾಚಿ ಬಿಟ್ಟರೆ ಬೇರೇನಿಲ್ಲ. ಅದಕ್ಕೂ ನೀರು ಹರಿಯಲು ಒಂಚೂರು ಓಟ ಇರುತ್ತದೆ, ಆದರೆ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಚಕ್ರದ ನಡುವಿನ ಮುಚ್ಚಳದಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು, ಅಳತೆಯನ್ನು ಆಯಾ ಚಕ್ರದ ಮೇಲೆಯೇ ಬಣ್ಣದ ಟೇಪು ಅಂಟಿಸಿ ಬರೆದೆವು. ನೆಲದಿಂದ ಅಳೆಯಬಾರದು. ಟೈರಿನ ಗಾಳಿ ಹೆಚ್ಚುಕಡಿಮೆ ಇದ್ದರೆ ಅದೂ ಲೆಕ್ಕದಲ್ಲಿ ಸೇರಿಬಿಡುತ್ತದೆ.

ಮರುದಿನ ಬೆಳಿಗ್ಗೆ ಮುಂದಿನ ಎರಡು ಮತ್ತು ಹಿಂದಿನ ಎಡ ಮೂಲೆ ಮೂರು ನಾಲ್ಕು ಮಿಲಿಮೀಟರ್ ಇಳಿದಿದ್ದವು. ಹಿಂದಿನ ಬಲ ಆರು ಸೆಂಟಿಮೀಟರ್.

ಆ ಮೂರು ನಾಲ್ಕು ಮಿಲಿಮೀಟರ್ ನೋಡಿ ಗಾಬರಿ ಬೀಳುವವರಿದ್ದಾರೆ. ಅದು ಸೋರಿಕೆಯಲ್ಲ. ಓಡಿಸಿ ತಂದ ಗಾಡಿಯ ಬ್ಯಾಗಿನೊಳಗಿನ ಗಾಳಿ ಬೆಚ್ಚಗಿರುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. 27 ಡಿಗ್ರಿಯಿಂದ 15ಕ್ಕೆ ಇಳಿದರೆ ಅದೇ ಭಾರದ ಕೆಳಗೆ ಗಾಳಿಯ ಗಾತ್ರ ನೂರಕ್ಕೆ ನಾಲ್ಕರಷ್ಟು ಕಡಿಮೆಯಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಮಡಿಕೇರಿಯ ಕಡೆಯ ಗಾಡಿಗಳು ಒಂಚೂರು ಕುಗ್ಗಿ ನಿಂತಿದ್ದರೆ ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ಮೂಲೆ ಸಿಕ್ಕಿತು. ಇನ್ನು ಆ ಮೂಲೆಯಲ್ಲಿ ಎಲ್ಲಿ? ಬ್ಯಾಗು, ಬ್ಯಾಗಿನ ನೆತ್ತಿಯ ಜಾಯಿಂಟು, ನೈಲಾನ್ ಪೈಪು, ವಾಲ್ವುಗಳು ಕೂತಿರುವ ವಾಲ್ವ್ ಬ್ಲಾಕು, ಈ ನಾಲ್ಕರಲ್ಲಿ ಒಂದು. ಇಲ್ಲಿ ಕೆಳಗೆ ಹೋಗುವ ಮುಂಚೆ ಒಂದು ಮಾತು. ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟೇ ಹೋಗಿ, ಬರೀ ಜಾಕ್ ಸಾಲದು. ಈ ಗಾಡಿಯ ಗಾಳಿ ಟ್ಯಾಂಕಿನ ಒತ್ತಡ 15 ಬಾರ್ ದಾಟುತ್ತದೆ. ಟೈರಿನಲ್ಲಿ ನಾವು ತುಂಬುವುದು ಎರಡೂವರೆ ಬಾರ್ ಆಸುಪಾಸು. ಒತ್ತಡ ಇಳಿಸದೆ ಪೈಪು ಬಿಚ್ಚಲು ಹೋದ ಹುಡುಗನ ಮುಖಕ್ಕೆ ಮಣ್ಣು, ಕಲ್ಲಿನ ಚೂರು ಹಾರಿದ್ದನ್ನು ನಾನು ನೋಡಿದ್ದೇನೆ. ಕನ್ನಡಕ ಇತ್ತು, ಕಣ್ಣು ಉಳಿಯಿತು.

ಈಗ ಸೋಪು ನೀರು. ಮೊದಲು ಕೆಸರೆಲ್ಲ ತೊಳೆದು ಒರೆಸಬೇಕು. ತೋಟದ ಕೆಂಪು ಮಣ್ಣು ಒಣಗಿ ಕಟ್ಟಿಕೊಂಡರೆ ಸೋರುವ ಕಡೆ ತೇಪೆ ಹಾಕಿದ ಹಾಗಾಗಿ ಗುಳ್ಳೆ ಬೇರೆಲ್ಲೋ ಏಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಗಟ್ಟಿಯಾಗಿಯೇ ಬೆರೆಸಿ, ಸ್ಪ್ರೇ ಮಾಡಿ, ಕಾಯಬೇಕು. ಇಡೀ ರಾತ್ರಿಗೆ ಆರು ಸೆಂಟಿಮೀಟರ್ ಇಳಿಯುವ ಸೋರಿಕೆಗೆ ದೊಡ್ಡ ಗುಳ್ಳೆ ಬರುವುದಿಲ್ಲ. ಕೆರೆ ಬದಿಯ ಕಪ್ಪೆ ಮೊಟ್ಟೆಯ ಹಾಗೆ ಸಣ್ಣ ಗುಳ್ಳೆಗಳ ಗುಂಪೊಂದು ನಿಧಾನಕ್ಕೆ ಕಟ್ಟಿಕೊಳ್ಳುತ್ತದೆ, ಟಾರ್ಚ್ ಅಡ್ಡ ಹಿಡಿದರೆ ಮಾತ್ರ ಕಾಣುತ್ತದೆ. ಬ್ಯಾಗಿನ ರಬ್ಬರ್ ಬಿರುಕು ಬಿಡುವುದು ಅದು ಮಡಚಿಕೊಳ್ಳುವ ಜಾಗದಲ್ಲಿ. ಗಾಡಿ ಏರಿಳಿದಂತೆ ಆ ಮಡಿಕೆ ಜಾಗ ಬದಲಿಸುತ್ತದೆ. ಮಾಮೂಲಿ ಎತ್ತರದಲ್ಲಿ ಮುಚ್ಚಿಕೊಂಡಿರುವ ಬಿರುಕು, ಹಾಳು ದಾರಿಗೆಂದು ಏರಿಸುವ ಆಫ್‌ರೋಡ್ ಎತ್ತರದಲ್ಲಿ ಬಾಯಿ ಬಿಡಬಹುದು. ಎರಡೂ ಎತ್ತರದಲ್ಲಿ ನೋಡದೆ ಬ್ಯಾಗು ಚೆನ್ನಾಗಿದೆ ಎನ್ನಬಾರದು.

ಎರಡೂ ಎತ್ತರದಲ್ಲಿ ನೋಡಿದೆವು. ಬ್ಯಾಗಿನಲ್ಲಿ ಇಲ್ಲ, ನೆತ್ತಿಯ ಜಾಯಿಂಟಿನಲ್ಲಿ ಇಲ್ಲ, ವಾಲ್ವ್ ಬ್ಲಾಕಿನ ಹೊರಗೂ ಇಲ್ಲ. ಆದರೆ ವಾಲ್ವ್ ಒಳಗೊಳಗೇ ಸೋರಿದರೆ ಸೋಪು ನೀರಿಗೆ ಗೊತ್ತಾಗುವುದಿಲ್ಲ, ಗಾಳಿ ಬ್ಲಾಕಿನ ಒಳದಾರಿಯಿಂದ ಹಿಂದಕ್ಕೆ ಹೋಗುತ್ತದೆ. ಇಲ್ಲಿ ಬಹಳ ಜನ ಅಂದಾಜಿನ ಮೇಲೆ ವಾಲ್ವ್ ಬ್ಲಾಕ್ ಆರ್ಡರ್ ಮಾಡುತ್ತಾರೆ. ನಾವು ಆ ಮೂಲೆಯ ಗಾಳಿ ಬಿಟ್ಟು, ಪೈಪನ್ನು ಬ್ಲಾಕಿನ ಕಡೆಯಿಂದ ಬಿಚ್ಚಿ, ಆ ತುದಿಗೆ ಒಂದು ಟೈರ್ ವಾಲ್ವ್ ಹಾಕಿದೆವು. ಭಾರ ಚಕ್ರದ ಮೇಲೆಯೇ ಇರುವಾಗ ಗ್ಯಾರೇಜಿನ ಗಾಳಿಯಿಂದ ನಿಧಾನವಾಗಿ ತುಂಬಿ ಎತ್ತರಕ್ಕೆ ತಂದು, ಫ್ಯೂಸ್ ಇಲ್ಲದೆಯೇ ಇನ್ನೊಂದು ರಾತ್ರಿ ಬಿಟ್ಟೆವು. ಈಗ ಆ ಮೂಲೆಗೂ ವಾಲ್ವ್ ಬ್ಲಾಕಿಗೂ ಸಂಬಂಧವೇ ಇಲ್ಲ. ಇಳಿಯದಿದ್ದರೆ ತಪ್ಪು ಬ್ಲಾಕಿನದು. ಇಳಿದರೆ ಬ್ಲಾಕು ನಿರಪರಾಧಿ.

ಇಳಿದಿತ್ತು, ಹೆಚ್ಚುಕಡಿಮೆ ಅಷ್ಟೇ. ಉಳಿದದ್ದು ಕಣ್ಣಿಗೆ ಕಾಣದ ಪೈಪಿನ ಭಾಗ ಮಾತ್ರ. ಚಕ್ರದ ಗೂಡಿನ ಪ್ಲಾಸ್ಟಿಕ್ ತೆಗೆದು ಪೈಪಿನ ಮೇಲೆ ಬೆರಳಾಡಿಸುತ್ತಾ ಹೋದರೆ ಒಂದು ಕಡೆ ಇನ್ಸುಲೇಷನ್ ಟೇಪಿನ ಗಂಟು. ಬಿಚ್ಚಿದರೆ ಒಳಗೆ ಪೈಪಿನ ಎರಡು ತುದಿ ತುರುಕಿ ಸೇರಿಸುವ ಒಂದು ಪುಶ್ ಜಾಯಿನರ್. ಯಾವತ್ತೋ ಇಲಿ ಕಚ್ಚಿರಬೇಕು, ಪಕ್ಕದ ವೈರಿನ ಮೇಲೂ ಹಲ್ಲಿನ ಗುರುತಿತ್ತು. ಯಾರೋ ಪೈಪನ್ನು ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಜಾಯಿನರಿಗೆ ತುರುಕಿದ್ದಾರೆ. ಪ್ಲೇಯರಿನಲ್ಲಿ ಕತ್ತರಿಸಿದ ನೈಲಾನ್ ಪೈಪು ಓರೆಯಾಗುತ್ತದೆ, ತುದಿ ಚಪ್ಪಟೆಯಾಗುತ್ತದೆ. ಜಾಯಿನರಿನ ಒಳಗಿನ ಓ-ರಿಂಗ್, ಅಂದರೆ ಗಾಳಿ ತಡೆಯುವ ರಬ್ಬರ್ ಉಂಗುರ, ಅದರ ಸುತ್ತ ಪೂರ್ತಿ ಕೂರುವುದಿಲ್ಲ. ಸೋಪು ನೀರು ಹಾಕಿದ ಕೂಡಲೇ ಗುಳ್ಳೆಗಳ ಗುಂಪು ಕಟ್ಟಿತು. ಅಲ್ಲೇ ಎರಡು ಹೊಸ ತುದಿ ನೆಟ್ಟಗೆ ಕತ್ತರಿಸಿ ಸೇರಿಸಬಹುದಿತ್ತು. ನಾನು ಆ ಮೂಲೆಯ ಪೈಪನ್ನೇ ಪೂರ್ತಿ ಬದಲಿಸಿದೆ. ಮೀಟರ್ ಪೈಪಿಗೆ ಎಷ್ಟು ಮಹಾ ಬೆಲೆ?

ಕಂಪ್ರೆಸರ್ ವಿಷಯ. ಎಸ್ಟಿಮೇಟಿನಲ್ಲಿ ಅದು ಇದ್ದದ್ದು ಪೂರ್ತಿ ಸುಳ್ಳೇನಲ್ಲ, ಗಾಡಿ ಏರಲು ತಡ ಮಾಡುತ್ತಿತ್ತು. ದಿನಾ ಬೆಳಿಗ್ಗೆ ಸೊನ್ನೆಯಿಂದ ನಾಲ್ಕೂ ಮೂಲೆ ಎತ್ತಿ ಎತ್ತಿ ಅದು ಸುಸ್ತಾಗಿರುತ್ತದೆ. ಜೊತೆಗೆ ನಮ್ಮ ಮಳೆಗಾಲದ ಗಾಳಿ ಒದ್ದೆ. ತೇವ ಹೀರುವ ಗುಂಡುಗಳು ತುಂಬಿದ ಡ್ರೈಯರ್ ಹಾಳಾದರೆ ನೀರಿನಂಶ ವಾಲ್ವುಗಳ ತನಕ ಹೋಗಿ ಅವನ್ನೂ ಕೆಡಿಸುತ್ತದೆ. ಆದರೆ ಸೋರಿಕೆ ನಿಲ್ಲಿಸದೆ ಹೊಸ ಕಂಪ್ರೆಸರ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಡ್ರೈಯರಿನ ಗುಂಡುಗಳನ್ನು, ಗಾಳಿ ಎಳೆಯುವ ಫಿಲ್ಟರನ್ನು ಬದಲಿಸಿದೆವು. ಕಂಪ್ರೆಸರ್ ಹಳೆಯದೇ ಉಳಿಯಿತು.

"ಇದನ್ನೆಲ್ಲ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಬಿಡಪ್ಪಾ" ಎನ್ನುವವರೂ ಇದ್ದಾರೆ. ತೋಟದೊಳಗೇ ಓಡುವ, ಗೊಬ್ಬರದ ಮೂಟೆ ಹೊರುವ ಗಾಡಿಗಾದರೆ ಬೇಡ ಎನ್ನಲಾರೆ. ಆದರೆ ಎತ್ತರ ಏರಿಸಿ ಹೊಳೆ ದಾಟುವ ಅನುಕೂಲಕ್ಕೇ ಈ ಗಾಡಿ ತಂದವರು ಒಂದು ಪೈಪಿನ ತಪ್ಪಿಗೆ ಅದನ್ನು ಕಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಬಿಲ್ಲಿನಲ್ಲಿ ಎರಡು ರಾತ್ರಿಯ ತಪಾಸಣೆಗೆ ಬೇರೆಯೇ ಹಾಕಿದ್ದೆ. "ಫ್ಯೂಸ್ ಕಿತ್ತು ಮಲಗಿದ್ದಕ್ಕೂ ದುಡ್ಡಾ?" ಎಂದು ಸಾವ್ಕಾರ್ರು ಕೇಳಿದರು. ಹಳೆಯ ಎಸ್ಟಿಮೇಟ್ ಅವರ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ತೆಗೆದು ಪಕ್ಕದಲ್ಲಿಟ್ಟೆ. ಕೊಟ್ಟರು.

ಫ್ಯೂಸ್ ತೆಗೆದ ರಾತ್ರಿ ಗಾಡಿ ಇಳಿಯದೇ ಇದ್ದರೆ? ಅದೂ ಒಂದು ಉತ್ತರವೇ. ಆಗ ಗಾಳಿ ಸೋರುತ್ತಿಲ್ಲ, ಕಂಪ್ಯೂಟರ್ ತಪ್ಪು ಓದಿ ಇಳಿಸುತ್ತಿದೆ. ನಾಪೋಕ್ಲಿನ ಒಂದು ಗಾಡಿಯಲ್ಲಿ ಹಾಗೇ ಆಯಿತು. ಫ್ಯೂಸ್ ಇಲ್ಲದಾಗ ನಾಲ್ಕೂ ಮೂಲೆ ಕದಲಲಿಲ್ಲ, ಹಾಕಿದರೆ ಬೆಳಿಗ್ಗೆ ಕೂತಿರುತ್ತಿತ್ತು. ಮುಂದಿನ ಎಡಗಡೆಯ ಎತ್ತರದ ಸೆನ್ಸರಿನ ಕೊಂಡಿ ಸವೆದು ಲೊಡಲೊಡ ಆಡುತ್ತಿತ್ತು, ಅಳತೆ ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು. ಕಂಪ್ಯೂಟರ್ ಎದ್ದಾಗಲೆಲ್ಲ ಅದನ್ನು ನಂಬಿ ಉಳಿದವನ್ನು ಇಳಿಸುತ್ತಾ ಬಂದಿತ್ತು. ಕೊಂಡಿ, ಸೆನ್ಸರ್ ಬದಲಿಸಿ ಎತ್ತರ ಕ್ಯಾಲಿಬ್ರೇಟ್ ಮಾಡಿ ಕೊಟ್ಟೆವು. ಆಮೇಲೆ ಆ ಗಾಡಿ ನಮ್ಮಲ್ಲಿಗೆ ಬಂದದ್ದು ಬ್ರೇಕ್ ಪ್ಯಾಡಿಗೆ.